ಮೆಚ್ಚಿದ ಹೆಣ್ಣುಮಗಳಿಂದ ಏನಾದ್ರೂ ಕಲಿಯೋದು ಹೆಂಗೆ

ನವೆಂಬರ್ ಬಂತು ಅಂದ್ರೆ ಸಾಕು, ನಮ್ಮನೆ ಟ್ಯೂಷನ್‌ಗೆ ಬರೋ ಹುಡುಗೀರು ಬ್ಯಾಗ್ ಕೆಳಗಿಡೋಕೆ ಮುಂಚೆನೇ "ಮಿಸ್, ಓಬವ್ವನ ಮೇಲೆ ಭಾಷಣ ಬರ್ಕೊಡ್ರಿ" ಅಂತ ಶುರು ಮಾಡ್ತಾರೆ. 11ನೇ ತಾರೀಖು ಓಬವ್ವ ಜಯಂತಿ, 2021ರಿಂದ ಸರ್ಕಾರನೇ ಆಚರಣೆ ಮಾಡ್ತಿದೆ, ನಮ್ ದಾವಣಗೆರೆ ಚಿತ್ರದುರ್ಗ ಕಡೆ ಅಂತೂ ಕೇಳ್ಬೇಡ್ರಿ. ಮೊದಮೊದ್ಲು ನಾನೇ ಬರ್ಕೊಡ್ತಿದ್ದೆ, ವೀರವನಿತೆ, ನಾಡಿನ ಹೆಮ್ಮೆ, ನಮಗೆಲ್ಲ ಆದರ್ಶ, ಈ ಮೂರು ಮಾತನ್ನ ಹಿಂದೆ ಮುಂದೆ ಮಾಡಿ ಹಾಕಿದ್ರೆ ಮೂರು ನಿಮಿಷ ತುಂಬ್ತಿತ್ತು. ಒಂದ್ ವರ್ಷ ಎಂಟನೇ ಕ್ಲಾಸಿನ ಹುಡುಗಿ ಒಬ್ಳು ಅದನ್ನ ಒಂದಕ್ಷರ ತಪ್ಪದೆ ಹೇಳಿ ಫಸ್ಟ್ ಪ್ರೈಜ್ ತಗೊಂಡು ಬಂದ್ಲು, ನಂಗೂ ಖುಷಿಯಾಗಿ "ಓಬವ್ವನಿಂದ ನೀನೇನು ಕಲ್ತೆ?" ಅಂತ ಕೇಳ್ದೆ. "ಧೈರ್ಯ ಮಿಸ್" ಅಂದ್ಲು. "ಸರಿ, ಆ ಧೈರ್ಯ ಇಟ್ಕೊಂಡು ನಾಳೆ ಏನ್ ಮಾಡ್ತೀಯ?" ಅಂದೆ. ಅವಳು ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡ್ದೆ. ಇಬ್ರ ಹತ್ರನೂ ಉತ್ತರ ಇರ್ಲಿಲ್ಲ.

ಅವತ್ತಿಂದ ಬರ್ಕೊಡೋದು ಬಿಟ್ಟೆ. ಬದ್ಲಿಗೆ ಮಕ್ಕಳ ಕೈಲಿ ಒಂದು ಕೆಲಸ ಮಾಡಿಸ್ತೀನಿ, ಅದನ್ನ ಹೆಂಗೆ ಮಾಡೋದು ಅಂತ ಇಲ್ಲಿ ಬರೀತಿದೀನಿ. ಮಕ್ಕಳಿಗೆ ಮಾಡಿಸೋ ಅಪ್ಪ ಅಮ್ಮಂದಿರಿಗೆ, ಟೀಚರ್‌ಗಳಿಗೆ ಉಪಯೋಗ ಆಗುತ್ತೆ, ದೊಡ್ಡೋರು ತಮಗೋಸ್ಕರನೂ ಮಾಡ್ಕೋಬಹುದು. ಒಂದು ನೋಟ್‌ಬುಕ್ ಬೇಕು, ಒಂದು ತಿಂಗಳು ಟೈಮ್ ಬೇಕು, ಅಷ್ಟೇ.

ಯಾವ ಕೆಲಸಕ್ಕೆ ಅಂತ ಮೊದ್ಲು ಕೇಳ್ರಿ

ರೋಲ್ ಮಾಡೆಲ್ ಅಂತ ಈಗ ಎಲ್ರೂ ಅಂತೀವಲ್ಲ, ಆ ಮಾತನ್ನ ಬಳಕೆಗೆ ತಂದೋರು ರಾಬರ್ಟ್ ಮರ್ಟನ್ ಅನ್ನೋ ಅಮೆರಿಕಾದ ಸಮಾಜಶಾಸ್ತ್ರಜ್ಞರು. ಅವ್ರು ಒಂದು ಒಳ್ಳೆ ವ್ಯತ್ಯಾಸ ಹೇಳಿದ್ರು. ಒಬ್ರ ಇಡೀ ಬದುಕನ್ನ ನೋಡಿ ನಾನೂ ಪೂರ್ತಿ ಅವ್ರಂಗೇ ಆಗ್ಬೇಕು ಅನ್ಕೊಳ್ಳೋದು ಬೇರೆ, ಅವ್ರು ಮಾಡೋ ಒಂದೋ ಎರಡೋ ಪಾತ್ರ ನೋಡಿ ಅದನ್ನಷ್ಟೇ ಕಲಿಯೋದು ಬೇರೆ, ರೋಲ್ ಮಾಡೆಲ್ ಅನ್ನೋ ಹೆಸ್ರು ಈ ಎರಡನೇದಕ್ಕೆ. ರೋಲ್ ಅಂದ್ರೇ ಪಾತ್ರ, ಹೆಸ್ರಲ್ಲೇ ಇದೆ, ನಾವೇ ಮರ್ತಿದೀವಿ.

ಇದು ಗೊತ್ತಾದ್ಮೇಲೆ ನಂಗೆ ಬಹಳ ಸಲೀಸಾಯ್ತು. ಮಕ್ಕಳಿಗೆ ತುಂಬೋಕೆ ಒಂದು ಬಿಟ್ಟ ಸ್ಥಳ ಕೊಡ್ತೀನಿ: "ನಾನು ಇವ್ರಿಂದ ಡ್ಯಾಶ್ ಮಾಡೋದನ್ನ ಕಲೀತೀನಿ." ಆ ಡ್ಯಾಶ್‌ನಲ್ಲಿ ಧೈರ್ಯ, ತಾಳ್ಮೆ, ಛಲ ಅಂತ ಬರೆಯಂಗಿಲ್ಲ. ಕೈಯೋ ಬಾಯೋ ಕಾಲೋ ಮಾಡೋ ಕೆಲಸ ಆಗಿರ್ಬೇಕು, ಪಕ್ಕದಲ್ಲಿ ನಿಂತೋರಿಗೆ ಕಣ್ಣಿಗೆ ಕಾಣ್ಬೇಕು. ಲೆಕ್ಕ ಇಡೋದು, ಹೊಸಬರ ಹತ್ರ ಹೋಗಿ ಮಾತಾಡ್ಸೋದು, ಫೇಲಾದ ಪರೀಕ್ಷೆಗೆ ಮತ್ತೆ ಫೀಸ್ ಕಟ್ಟೋದು, ಇಂಥವು. ಮೊದಲ ದಿನ ಯಾರಿಗೂ ಏನೂ ಹೊಳೆಯಲ್ಲ. ಪರವಾಗಿಲ್ಲ, ಖಾಲಿನೇ ಬಿಡಿ, ಅದನ್ನ ತುಂಬೋಕೇ ಮುಂದಿನ ಕೆಲಸ ಎಲ್ಲ.

ಗೊತ್ತಿರೋ ಕಥೆನೇ ಇನ್ನೊಂದ್ಸಲ ನಿಧಾನಕ್ಕೆ ನೋಡಿ

ಹೊಸ ಹೆಸ್ರು ಹುಡುಕೋಕೆ ಓಡ್ಬೇಡಿ, ಓಬವ್ವನಿಂದನೇ ಶುರು ಮಾಡಿ. ಸಾಧ್ಯ ಆದ್ರೆ ಮಕ್ಕಳನ್ನ ಕರ್ಕೊಂಡು ದುರ್ಗಕ್ಕೇ ಹೋಗಿ. ಬಿಸಿಲೇರೋಕೆ ಮುಂಚೆ ಕೋಟೆ ಹತ್ತಿ, ಕಲ್ಲು ಬಿಸಿಯಾದ್ಮೇಲೆ ಮಕ್ಕಳು ಏನೂ ನೋಡಲ್ಲ, ಐಸ್‌ಕ್ಯಾಂಡಿ ಕೇಳ್ತಾರೆ ಅಷ್ಟೇ. ಕಾಲಿಗೆ ಹಿಡಿತ ಇರೋ ಶೂ ಹಾಕ್ಸಿ, ನೀರಿನ ಬಾಟ್ಲಿ ಇರ್ಲಿ. ತಣ್ಣೀರು ದೋಣಿ ಅನ್ನೋ ನೀರಿನ ಜಾಗದ ಹತ್ರ ಓಬವ್ವನ ಕಿಂಡಿ ಇದೆಯಲ್ಲ, ಅಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಸಿ, ಫೋಟೋ ಆಮೇಲೆ.

ನಮ್ಮಲ್ಲಿ ತುಂಬಾ ಜನಕ್ಕೆ ಓಬವ್ವ ಅಂದ್ರೆ 1972ರ ಸಿನಿಮಾದಲ್ಲಿ ಜಯಂತಿಯವರ ಮುಖನೇ ಕಣ್ಮುಂದೆ ಬರೋದು, ಕಚ್ಚೆ ಕಟ್ಟಿ ಒನಕೆ ಎತ್ತಿರೋದು. ಚೆನ್ನಾಗೇ ಇದೆ ಅದು. ಆದ್ರೆ ಕಿಂಡಿ ಮುಂದೆ ನಿಂತಾಗ ಬೇರೆ ಪ್ರಶ್ನೆಗಳು ಹುಟ್ತವೆ. ಗಂಡ ಕಹಳೆ ಮುದ್ದ ಹನುಮ ಕಾವಲುಗಾರ, ಊಟಕ್ಕೆ ಅಂತ ಮನೆಗೆ ಬಂದಿದ್ದ, ಇವಳು ನೀರಿಗೆ ಅಂತ ಬಂದ್ಲು, ಕಲ್ಲಿನ ಸಂದಿಯಿಂದ ಹೈದರಾಲಿ ಸೈನಿಕರು ನುಸುಳ್ತಿರೋ ಸದ್ದು ಕೇಳ್ತು, ಇಲ್ಲಿವರೆಗೆ ಎಲ್ರಿಗೂ ಗೊತ್ತು. ಈಗ ಮಕ್ಕಳನ್ನ ಕೇಳಿ: ಈ ಕಿಂಡಿಯಿಂದ ಒಂದ್ಸಲಕ್ಕೆ ಎಷ್ಟು ಜನ ಬರಬಹುದು? ನುಸುಳ್ತಾ ಇರೋನು ಕತ್ತಿ ಎತ್ತಕ್ಕಾಗುತ್ತಾ? ಮೊದಲನೇನು ಅಲ್ಲೇ ಬಿದ್ದಿದ್ರೆ ಎರಡನೇನು ತಲೆ ಹಾಕ್ತಿದ್ನಾ? ಅವಳು ಯಾಕೆ ಹೆಣಗಳನ್ನ ಪಕ್ಕಕ್ಕೆ ಎಳೆದ್ಲು? ಮಕ್ಕಳು ಬಗ್ಗಿ ನೋಡ್ತಾರೆ, ಒಬ್ಬೊಬ್ರಾಗಿ ಒಳಗೆ ಹೋಗಿ ಬರ್ತಾರೆ, ಆಮೇಲೆ ಅವ್ರೇ ಹೇಳ್ತಾರೆ, "ಮಿಸ್, ಒಬ್ಬನೇ ಬರೋಕಾಗೋದು, ಅದನ್ನ ಅವಳು ನೋಡ್ಕೊಂಡಿದ್ಲು." ನೋಡಿ, ಅಲ್ಲಿ ಸಿಕ್ತು. ಆ ಜಾಗ ಅವಳಿಗೆ ದಿನಾ ನೀರು ತರೋ ಜಾಗ, ಒನಕೆ ದಿನಾ ಭತ್ತ ಕುಟ್ಟೋ ಒನಕೆ, ಆ ತೋಳಿಗೆ ಅದರ ತೂಕ ಗೊತ್ತು. ಖಡ್ಗ ಸಿಗ್ಲಿ ಅಂತಾನೂ ಕಾಯ್ಲಿಲ್ಲ, ಗಂಡ ಉಂಡು ಏಳ್ಲಿ ಅಂತಾನೂ ಕಾಯ್ಲಿಲ್ಲ.

ನಮ್ಮ ಹುಡುಗಿ ಒಬ್ಳು ವಾಪಸ್ ಬಸ್ಸಲ್ಲಿ ಕೂತ್ಕೊಂಡೇ ಡ್ಯಾಶ್ ತುಂಬಿದ್ಲು: "ಕೈಯಲ್ಲಿ ಏನಿದೆಯೋ ಅದ್ರಲ್ಲೇ ಶುರು ಮಾಡೋದನ್ನ ಕಲೀತೀನಿ." ಅವಳು ಮೂರು ತಿಂಗಳಿಂದ "ಗೈಡ್ ತಂದ್ಕೊಟ್ಮೇಲೆ ಸೈನ್ಸ್ ಓದ್ತೀನಿ" ಅಂತಿದ್ಲು.

ಇನ್ನೊಂದು ಮಾತು, ಓಬವ್ವನ ಕಥೆ ಜನರ ಬಾಯಿಂದ ಬಾಯಿಗೆ ಬಂದಿದ್ದು, ಹಂಗಾಗಿ ಕೊನೇಗೆ ಅವಳು ಹೆಂಗೆ ತೀರ್ಕೊಂಡ್ಲು ಅನ್ನೋದನ್ನ ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ. ಮಕ್ಕಳಿಗೆ ಅದನ್ನೂ ಹೇಳಿ. 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಗೇ ಹೋಯ್ತು ಅಂತಾನೂ ಹೇಳಿ, ಮುಚ್ಚಿಡ್ಬೇಡಿ. ಅವತ್ತೊಂದು ದಿನ ಆ ಕಿಂಡಿ ಉಳೀತು, ಅದಕ್ಕೇ ಎರಡೂವರೆ ಶತಮಾನ ಆದ್ರೂ ಜನ ಅವಳನ್ನ ನೆನೀತಾರೆ.

ನಮ್ಮ ಚನ್ನಗಿರಿ ಕಡೆಯೋರಿಗೆ ಇದೇ ಥರ ಇನ್ನೊಂದು ಕಥೆ ಇದೆ, ಸೂಳೆಕೆರೆದು. ಈಗ ಶಾಂತಿಸಾಗರ ಅಂತೀವಿ. ಶಾಂತವ್ವ ಅನ್ನೋ ರಾಜಕುಮಾರಿ ಅಪ್ಪನ ಕೈಲೇ ಕೆಟ್ಟ ಮಾತು ಅನ್ನಿಸ್ಕೊಂಡು, ಆ ಮಾತಿಗೆ ಬದ್ಲಾಗಿ ಕೆರೆ ಕಟ್ಟಿಸಿದ್ಲು, ಜಾಗ ಕೊಟ್ಟ ವೇಶ್ಯೆಯರು ತಮ್ಮ ಹೆಸ್ರೇ ಇಡ್ಬೇಕು ಅಂತ ಕೇಳಿದ್ರು, ಹಂಗಾಗಿ ಆ ಹೆಸ್ರು ಬಂತು ಅನ್ನೋದು ಐತಿಹ್ಯ. ಮಕ್ಕಳ ಮುಂದೆ ಹೆಸ್ರು ಹೇಳೋಕೆ ಮುಜುಗರ ಪಟ್ಕೊಂಡು ಈ ಕಥೆ ಹಾರಿಸ್ತೀವಿ. ಹಾರಿಸ್ಬೇಡಿ ಅಂತ ನನ್ನ ವಿನಂತಿ. ಕಥೆ ಅಂತಾನೇ ಹೇಳಿ, ಆದ್ರೆ ಹೇಳಿ. ಊರು ಯಾರನ್ನ ಹೊರಗಿಟ್ಟಿತ್ತೋ ಅವ್ರು ಜಾಗ ಕೊಟ್ರು ಅಂತ ನಮ್ಮ ಜನನೇ ನೆನಪಿಟ್ಕೊಂಡಿದಾರೆ, ಆ ಕೆರೆ ನೀರನ್ನೇ ಚಿತ್ರದುರ್ಗದೋರೂ ಕುಡೀತಾರೆ. ಹತ್ತನೇ ಕ್ಲಾಸಿನ ಹುಡುಗಿಗೆ ಇದು ಅರ್ಥ ಆಗುತ್ತೆ, ನಾವು ಅನ್ಕೊಂಡಿರೋದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ.

ದೊಡ್ಡ ಹೆಸ್ರಿನ ಹಿಂದೆ ದಿನದ ಕೆಲಸ ಹುಡುಕಿ

ಪ್ರಶಸ್ತಿ ಬಂದೋರ ಬಗ್ಗೆ ಮಕ್ಕಳು ಬರೆಯೋದು ಯಾವಾಗ್ಲೂ ಪ್ರಶಸ್ತಿ ಪಟ್ಟಿ. ಪದ್ಮಶ್ರೀ ಯಾವ ಇಸ್ವಿ, ರಾಜ್ಯೋತ್ಸವ ಯಾವ ಇಸ್ವಿ, ಗೌರವ ಡಾಕ್ಟರೇಟ್ ಎಷ್ಟು. ಅದನ್ನ ಓದಿ ಯಾರೂ ಏನೂ ಕಲಿಯೋಕಾಗಲ್ಲ, ಪ್ರಶಸ್ತಿನ ಅಭ್ಯಾಸ ಮಾಡೋಕಾಗುತ್ತಾ? ಹಂಗಾಗಿ ಪ್ರಶಸ್ತಿಗೆ ಮುಂಚಿನ ಒಂದು ದಿನ ಹೆಂಗಿತ್ತು ಅಂತ ಹುಡುಕ್ಸಿ.

ಸಾಲುಮರದ ತಿಮ್ಮಕ್ಕನೋರನ್ನೇ ತಗೊಳ್ಳಿ, 2025ರ ನವೆಂಬರ್ 14ಕ್ಕೆ ತೀರ್ಕೊಂಡ್ರು. ಹುಲಿಕಲ್ ಕುದೂರು ದಾರಿಲಿ 385 ಆಲದ ಮರ ಅಂತ ಎಲ್ಲ ಮಕ್ಕಳಿಗೂ ಬಾಯಿಪಾಠ. ಆದ್ರೆ ಗಂಡ ಹೆಂಡ್ತಿ ಸೇರಿ ಮೊದಲ ವರ್ಷ ನೆಟ್ಟಿದ್ದು ಹತ್ತು ಸಸಿ, ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಮಳೆಗಾಲ ನೋಡ್ಕೊಂಡು ನೆಡ್ತಿದ್ರು, ದನ ಮೇಯದಂಗೆ ಮುಳ್ಳು ಕಟ್ತಿದ್ರು, ಬಿಂದಿಗೇಲಿ ನೀರು ಹೊತ್ತು ಹಾಕ್ತಿದ್ರು. ಈ ಹತ್ತು, ಹದಿನೈದು, ಇಪ್ಪತ್ತು ಅನ್ನೋ ಲೆಕ್ಕ ಹೇಳಿದ ತಕ್ಷಣ ಮಕ್ಕಳ ಮುಖ ಬದ್ಲಾಗುತ್ತೆ, ಯಾಕಂದ್ರೆ 385 ಅವ್ರ ಕೈಗೆ ಸಿಗೋ ಸಂಖ್ಯೆ ಅಲ್ಲ, ಹತ್ತು ಸಿಗುತ್ತೆ.

ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನೋರು, ನಮ್ಮ ದುರ್ಗದ ಮಗ್ಗುಲಲ್ಲೇ, ಬಯಲುಸೀಮೆಯೋರೇ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡ್ಸಿದ್ರು, ದುಡ್ಡು ತಗೊಳ್ದೆ, 2018ರಲ್ಲಿ ಪದ್ಮಶ್ರೀ ಬಂತು. ಆ ವಿದ್ಯೆ ಕಲಿತಿದ್ದು ಎಲ್ಲಿ? ಮನೇಲಿ, ಅಜ್ಜಿ ಜೊತೆ ಹೋಗಿ ಹೋಗಿ, ಕೈ ನೋಡ್ತಾ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರ ಕಥೆ ಅಂತೂ ನಮ್ಮ ದಾವಣಗೆರೆ ಬಸ್ ಸ್ಟ್ಯಾಂಡಿಗೇ ಬರುತ್ತೆ, ಮನೆ ಬಿಟ್ಟು ಭಿಕ್ಷೆ ಎತ್ತಿ ಬದುಕ್ತಿದ್ದ ಕಾಲದಲ್ಲಿ ಇಲ್ಲೇ ತಂದೆ ಮಗ ಇಬ್ರು, ತಂದೆ ಹಾಡ್ತಿದ್ರೆ ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯೋದನ್ನ ನೋಡಿ, ಅವ್ರ ಹತ್ರನೇ ಹೋಗಿ ನಂಗೂ ಕಲಿಸ್ರಿ ಅಂದ್ರು. ಆಮೇಲೆ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷೆ ಆದ್ರು, ರಾಷ್ಟ್ರಪತಿ ಭವನದಲ್ಲಿ ಸೆರಗಲ್ಲಿ ದೃಷ್ಟಿ ತೆಗೆದಿದ್ದನ್ನ ದೇಶನೇ ನೋಡ್ತು. ದಿನಾ ಆ ಬಸ್ ಸ್ಟ್ಯಾಂಡಲ್ಲಿ ಓಡಾಡೋ ಮಕ್ಕಳಿಗೆ ಇದನ್ನ ಹೇಳಿ ನೋಡಿ. "ಕಲಿಸ್ರಿ ಅಂತ ಕೇಳೋದು", ಡ್ಯಾಶ್ ತುಂಬೋಕೆ ಇದಕ್ಕಿಂತ ಒಳ್ಳೇದು ನಂಗಂತೂ ಸಿಕ್ಕಿಲ್ಲ.

ಸಾವಿತ್ರಿಬಾಯಿ ಫುಲೆಯವರದ್ದು ಒಂದೇ ಸಂಗತಿ ಹೇಳ್ತೀನಿ. 1848ರಲ್ಲಿ ಪುಣೆಯಲ್ಲಿ ಹೆಣ್ಮಕ್ಕಳ ಶಾಲೆ, ದಾರೀಲಿ ಜನ ಸಗಣಿ ಮಣ್ಣು ಎಸೀತಿದ್ರು, ಅದಕ್ಕೆ ಅವ್ರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಕೊಂಡೇ ಹೊರಡ್ತಿದ್ರು, ಶಾಲೆಗೆ ಹೋಗಿ ಸೀರೆ ಬದಲಾಯಿಸಿ ಪಾಠ ಮಾಡ್ತಿದ್ರು. ಆ ಎರಡನೇ ಸೀರೆ ಇದೆಯಲ್ಲ, ಅದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಅವಮಾನ ಆಗೋದು ನಿಂತ್ಮೇಲೆ ಪಾಠ ಶುರು ಮಾಡ್ತೀನಿ ಅಂದಿದ್ರೆ ಆ ಶಾಲೆ ನಡೀತಿತ್ತಾ. ನಮ್ಮ ಬ್ಯಾಚಿನ ಹುಡುಗಿ ಒಬ್ಳಿಗೆ ಸೈಕಲ್ ಮೇಲೆ ಬರುವಾಗ ಒಂದು ಅಂಗಡಿ ಹತ್ರ ಹುಡುಗ್ರು ಏನೇನೋ ಅಂತಿದ್ರು, ಅವಳು ಟ್ಯೂಷನ್ನೇ ಬಿಡೋಳಿದ್ಲು. ಇದನ್ನ ಕೇಳಿದ್ಮೇಲೆ "ನನ್ನ ಎರಡನೇ ಸೀರೆ ಯಾವ್ದು ಮಿಸ್" ಅಂತ ಕೇಳಿದ್ಲು. ಕೂತು ಯೋಚ್ನೆ ಮಾಡಿದ್ವಿ, ಇನ್ನಿಬ್ರು ಹುಡುಗೀರು ಅದೇ ಟೈಮಿಗೆ ಜೊತೆ ಬರೋದು, ಮನೇಲಿ ಅಮ್ಮಂಗೆ ಮುಚ್ಚಿಡ್ದೆ ಹೇಳೋದು, ಜಾಸ್ತಿ ಆದ್ರೆ 112ಕ್ಕೆ ಫೋನ್ ಮಾಡೋದು. ಟ್ಯೂಷನ್ ಬಿಡ್ಲಿಲ್ಲ.

ಆಮೇಲೆ ಮನೆ ಹತ್ರದೋರನ್ನ

ಇಲ್ಲಿವರೆಗೆ ಪುಸ್ತಕ ಪೇಪರ್ ಕೆಲಸ, ನಿಜವಾದ ಕೆಲಸ ಈಗ ಶುರು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಿಮ್ಮ ಕಣ್ಣಿಗೆ ಬೀಳೋ ಹೆಣ್ಮಕ್ಕಳನ್ನೆಲ್ಲ ಒಂದು ದಿನ ಪಟ್ಟಿ ಮಾಡಿ. ಹಾಲು ಹಾಕೋ ಅಜ್ಜಿ, ಆಶಾ ಅಕ್ಕ, ಅಂಗನವಾಡಿ ಟೀಚರ್, ಬಸ್ ಕಂಡಕ್ಟರ್, ಹೂ ಕಟ್ಟೋರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋರು, ಪಂಚಾಯ್ತಿ ಮೆಂಬರ್, ಲ್ಯಾಬಲ್ಲಿ ರಕ್ತ ತೆಗೆಯೋ ಸಿಸ್ಟರ್. ನಮ್ಮ ಮಕ್ಕಳ ಪಟ್ಟಿ ಯಾವತ್ತೂ ಇಪ್ಪತ್ತಕ್ಕಿಂತ ಕಮ್ಮಿ ಬಂದಿಲ್ಲ.

ಹತ್ರದೋರು ಯಾಕೆ ಅಂದ್ರೆ ಒಂದು ಅಧ್ಯಯನದ ಮಾತು ಹೇಳ್ಬೇಕು. ಪಶ್ಚಿಮ ಬಂಗಾಳದಲ್ಲಿ 495 ಹಳ್ಳಿಗಳಲ್ಲಿ ಮಾಡಿದ್ದು, 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವ್ರೂ ಅದರಲ್ಲಿದ್ರು. ಪಂಚಾಯ್ತಿ ಮುಖ್ಯಸ್ಥರ ಸ್ಥಾನ ಲಾಟರಿ ಥರ ಮಹಿಳೆಯರಿಗೆ ಮೀಸಲಾಗ್ತಿತ್ತು, ಎರಡು ಅವಧಿ ಮೀಸಲಾದ ಹಳ್ಳಿಗಳನ್ನೂ ಯಾವತ್ತೂ ಮೀಸಲಾಗದ ಹಳ್ಳಿಗಳನ್ನೂ ಹೋಲಿಸಿ ನೋಡಿದ್ರು. ಗಂಡುಮಗ ಏನಾಗ್ಬೇಕು, ಹೆಣ್ಣುಮಗಳು ಏನಾಗ್ಬೇಕು ಅನ್ನೋ ಆಸೆಯಲ್ಲಿ ಅಪ್ಪ ಅಮ್ಮಂದಿರು ಮಾಡೋ ಭೇದ ನೂರಕ್ಕೆ 25ರಷ್ಟು ಕಮ್ಮಿ ಆಗಿತ್ತು, ಮಕ್ಕಳಲ್ಲೇ ನೂರಕ್ಕೆ 32ರಷ್ಟು. ಹದಿಹರೆಯದ ಹುಡುಗ ಹುಡುಗೀರ ಓದಿನ ಅಂತರ ಪೂರ್ತಿ ಹೋಗಿತ್ತು, ಹುಡುಗೀರು ಮನೆಗೆಲಸಕ್ಕೆ ಕೊಡೋ ಟೈಮೂ ಇಳಿದಿತ್ತು. ಊರಿಗೆ ಹೊಸ ಫ್ಯಾಕ್ಟರಿ ಬಂದಿರ್ಲಿಲ್ಲ, ಹೊಸ ಕೆಲಸ ಸಿಕ್ಕಿರ್ಲಿಲ್ಲ, ಒಬ್ಬ ಹೆಣ್ಣುಮಗಳು ಎದುರಿಗೇ ಕೂತು ಊರು ನಡೆಸೋದನ್ನ ವರ್ಷಗಟ್ಟಲೆ ನೋಡಿದ್ರು ಅಷ್ಟೇ. ನಮ್ಮ ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಣ್ಮಕ್ಕಳಿಗೆ ಇದೆ, ಹಂಗಾಗಿ ನಿಮ್ಮೂರಲ್ಲೂ ಒಬ್ರಾದ್ರೂ ಸಿಕ್ಕೇ ಸಿಗ್ತಾರೆ. ಗ್ರಾಮಸಭೆಗೆ ಮಕ್ಕಳನ್ನ ಕರ್ಕೊಂಡು ಹೋಗಿ ಕೂರ್ಸಿ, ಮೈಕ್ ಹಿಡಿದು ತಾನೇ ಉತ್ತರ ಕೊಡೋ ಮೆಂಬರ್ ಯಾರು, ಗಂಡನ ಕೈಲಿ ಮಾತಾಡ್ಸೋರು ಯಾರು ಅಂತ ಮಕ್ಕಳೇ ಗುರ್ತು ಹಿಡೀತಾರೆ. ಮೊದಲನೇಯೋರ ಮನೆಗೆ ಹೋಗಿ.

ಹೋಗೋದು ಹೆಂಗೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ಇದರಲ್ಲಿ ಒಂದ್ಸಲ ದೊಡ್ಡ ತಪ್ಪು ಮಾಡಿದೀನಿ. ಮಂಡಕ್ಕಿ ಭಟ್ಟಿಲಿ ಕೆಲಸ ಮಾಡೋ ಒಬ್ಬ ಅಮ್ಮನ್ನ ನಾವೇ ಮಾಡಿದ ಕಾರ್ಯಕ್ರಮಕ್ಕೆ ಕರೆಸಿ ಸನ್ಮಾನ ಮಾಡಿದ್ವಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಎಲ್ಲ ಬೇರೆಯೋರೇ ಮಾಡಿದ್ರು, ಆ ಅಮ್ಮನ ಕೈಗೆ ಮೈಕ್ ಹೋಗೋ ಹೊತ್ತಿಗೆ ಟೈಮ್ ಮುಗಿದಿತ್ತು. ಆಮೇಲೆ ಗೊತ್ತಾಯ್ತು, ಅವತ್ತಿನ ಕೂಲಿ ಹೋಗಿತ್ತು. ಭತ್ತ ನೆನೆಸೋದು, ಕುದಿಸೋದು, ಒಣಗ್ಸೋದು, ಅಕ್ಕಿಗೆ ಉಪ್ಪು ಹಾಕಿ ಕಾದ ಮರಳಲ್ಲಿ ಹುರಿಯೋದು, ಎಷ್ಟು ಕಾದ ಮರಳಿಗೆ ಎಷ್ಟು ಅಕ್ಕಿ ಅನ್ನೋದು ಆ ಅಮ್ಮನ ಕಣ್ಣಳತೆಲಿತ್ತು, ನಮ್ಮ ಮಕ್ಕಳು ಅದನ್ನ ಕೇಳೋ ಅವಕಾಶನೇ ನಾನು ಹಾಳು ಮಾಡ್ದೆ. ಅದಕ್ಕೆ ಹೇಳ್ತೀನಿ, ಸ್ಟೇಜಿಗೆ ಕರೀಬೇಡಿ, ಅವ್ರ ಕೆಲಸದ ಜಾಗಕ್ಕೆ ನೀವೇ ಹೋಗಿ. ಮೊದಲ ದಿನ ಬರೀ ಕೇಳ್ಕೊಂಡು ಬನ್ನಿ, "ಅಕ್ಕ, ಯಾವ ಹೊತ್ತಲ್ಲಿ ಬಂದ್ರೆ ನಿಮ್ಗೆ ತೊಂದ್ರೆ ಇಲ್ಲ?" ಅಂತ. ಅವ್ರ ಟೈಮ್ ತಗೊಂಡು ಕೆಲಸ ನಿಂತ್ರೆ ಆ ಹೊತ್ತಿನ ಕೂಲಿ ಕೊಡಿ, ಮುಜುಗರ ಬೇಡ. ಫೋನಲ್ಲಿ ರೆಕಾರ್ಡ್ ಮಾಡೋದಾದ್ರೆ ಕೇಳಿ ಮಾಡಿ, ಬೇಡ ಅಂದ್ರೆ ಬೇಡ. ಇಬ್ರಿಗಿಂತ ಜಾಸ್ತಿ ಮಕ್ಕಳು ಹೋಗೋದು ಬೇಡ, ಗುಂಪು ನೋಡಿದ್ರೆ ಯಾರೂ ಬಾಯಿ ಬಿಡಲ್ಲ.

"ನಿಮ್ಮ ಸಾಧನೆ ಏನು?" ಅಂತ ಮಾತ್ರ ಕೇಳ್ಬೇಡಿ. "ನಂದೇನೈತವ್ವ ಸಾಧ್ನೆ, ಹೊಟ್ಟೆಪಾಡು" ಅಂತಾರೆ, ಮಾತು ಅಲ್ಲಿಗೇ ಮುಗೀತು. ಕೆಲಸದ ಬಗ್ಗೆ ಕೇಳಿ. ಎದ್ದ ತಕ್ಷಣ ಮೊದ್ಲು ಏನ್ ಮಾಡ್ತೀರಿ, ಇದನ್ನ ಯಾರ ಹತ್ರ ಕಲಿತ್ರಿ, ಮೊದಲ ಸಲ ಕೆಟ್ಟೋಗಿದ್ದು ಯಾವಾಗ, ಬೇಡ ಅಂದೋರು ಯಾರು ಅವ್ರಿಗೆ ಏನ್ ಹೇಳಿದ್ರಿ, ಬಿಟ್ಬಿಡೋಣ ಅನ್ಸಿದ್ದು ಯಾವತ್ತು, ಆಗ ಯಾರು ಕೈ ಹಿಡಿದ್ರು. ಕೊನೇ ಪ್ರಶ್ನೆ ಮರೀಬೇಡಿ. ಒಬ್ಬಂಟಿಯಾಗಿ ಗೆದ್ದೋರು ಅಂತ ನಾವು ಕಥೆ ಕಟ್ತೀವಿ, ಅವ್ರನ್ನ ಕೇಳಿದ್ರೆ ಹತ್ತು ಹೆಸ್ರು ಹೇಳ್ತಾರೆ, ಸ್ತ್ರೀಶಕ್ತಿ ಸಂಘದೋರು, ಅತ್ತಿಗೆ, ಉದ್ರಿ ಕೊಟ್ಟ ಅಂಗಡಿಯೋರು.

ನಮ್ಮ ಏಳನೇ ಕ್ಲಾಸ್ ಹುಡುಗಿ ಒಬ್ಳು ಆರ್ಸಿಕೊಂಡಿದ್ದು ಅವಳ ಬೀದಿಲೇ ಖಡಕ್ ರೊಟ್ಟಿ ಮಾಡಿ ಮಾರೋ ಅಕ್ಕನ್ನ. ಈ ಹುಡುಗಿಗೆ ಗಣಿತ ಅಂದ್ರೆ ಜ್ವರ. ಅಕ್ಕ ಶಾಲೆಗೆ ಹೋಗಿಲ್ಲ. ಒಲೆ ಮುಂದೆ ಕೂತು, ಬಿಸಿನೀರಲ್ಲಿ ಹಿಟ್ಟು ನಾದಿ ಬಡೀತಾ ಬಡೀತಾ ಮಾತಾಡಿದಾರೆ. ಹಿಟ್ಟು ಹಳೇದಾದ್ರೆ ಜಿಗಿ ಹೋಗುತ್ತೆ, ರೊಟ್ಟಿ ಅಂಚು ಬಿರಿಯುತ್ತೆ, ಅದಕ್ಕೆ ಎಷ್ಟು ಬೇಕೋ ಅಷ್ಟೇ ಬೀಸ್ಕೊಂಡು ಬರ್ತೀನಿ ಅಂತ. ಮದುವೆ ಆರ್ಡರ್ ಬಂದಾಗ ಸಾವಿರ ರೊಟ್ಟಿ ಎಣಿಸೋದು ಹೆಂಗೆ ಅಂತ ಹುಡುಗಿ ಕೇಳಿದಾಳೆ. ಅಕ್ಕ ಒಂದು ಡಬ್ಬಿ ತೋರ್ಸಿದ್ರಂತೆ, ತುಂಬ ಹುಣಸೆ ಬೀಜ. ಹತ್ತು ರೊಟ್ಟಿ ಆದ್ರೆ ಮುಚ್ಚಳಕ್ಕೆ ಒಂದು ಬೀಜ, ಹತ್ತು ಬೀಜ ಆದ್ರೆ ಒಂದು ಕಲ್ಲು, ಹತ್ತು ಕಲ್ಲಾದ್ರೆ ಆರ್ಡರ್ ಮುಗೀತು. ಹುಡುಗಿ ಓಡಿ ಬಂದು ಹೇಳಿದ್ದು ಇದನ್ನೇ, "ಮಿಸ್, ಬಿಡಿ ಹತ್ತು ನೂರು ಸಾವಿರ, ಅಕ್ಕ ಅದನ್ನ ಡಬ್ಬೀಲಿ ಇಟ್ಕೊಂಡಿದಾರೆ." ಸ್ಥಾನಬೆಲೆ ಪಾಠ ನಾನು ಆ ಹುಡುಗಿಗೆ ಎರಡು ವರ್ಷದಿಂದ ಮಾಡ್ತಿದ್ದೆ.

ಹಸಿವನ್ನ ಹೊಗಳ್ಬೇಡಿ

ಇದೊಂದು ವಿಷಯದಲ್ಲಿ ನಾನು ಗಟ್ಟಿ. "ನನ್ನ ಆದರ್ಶ ನನ್ನ ಅಮ್ಮ, ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನ ಉಣ್ತಾಳೆ, ತನಗಾಗಿ ಏನೂ ಕೇಳಲ್ಲ" ಅಂತ ಮಕ್ಕಳು ಬರ್ಕೊಂಡು ಬರ್ತಾರೆ, ಓದೋಕೆ ಕಣ್ಣು ತುಂಬುತ್ತೆ, ಚಪ್ಪಾಳೆನೂ ಬೀಳುತ್ತೆ. ನಾನು ಆ ಸಾಲು ಹೊಡೆದು ಹಾಕ್ತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಕೊನೇಗೆ ಉಣ್ಣೋದನ್ನ ಆದರ್ಶ ಅಂತ ಸ್ಟೇಜ್ ಮೇಲೆ ಹೇಳಿದ ಹುಡುಗಿ ನಾಳೆ ತಾನೂ ಹಂಗೇ ಮಾಡ್ತಾಳೆ, ಅವಳ ತಮ್ಮ ಅದನ್ನ ಕೇಳ್ಕೊಂಡು ಬೆಳೀತಾನೆ. ಅಮ್ಮನ್ನ ಖಂಡಿತ ಆರ್ಸ್ಕೊಳ್ಲಿ, ಅಮ್ಮನ ಕೈಲಿರೋ ವಿದ್ಯೆ ಬರೀಲಿ. ತಿಂಗಳ ಸಂಬಳನ ಹೆಂಗೆ ಹಂಚ್ತಾಳೆ, ಜ್ವರ ಬಂದ ಮಗುಗೆ ರಾತ್ರಿ ಎಷ್ಟು ಸಲ ಎದ್ದು ಥರ್ಮಾಮೀಟರ್ ಇಡ್ತಾಳೆ, ಬ್ಯಾಂಕಲ್ಲಿ ಕ್ಯೂ ಮುರಿದೋನಿಗೆ ಏನ್ ಅಂದ್ಲು. ಇವತ್ತಿಂದ ಅಮ್ಮನ ಜೊತೆ ಒಟ್ಟಿಗೇ ಕೂತು ಉಣ್ತೀನಿ ಅಂತ ಆ ಹೊಡೆದ ಸಾಲಿನ ಜಾಗದಲ್ಲಿ ಬರೆಸ್ತೀನಿ, ಬರೆದ್ಮೇಲೆ ಮಾಡ್ಬೇಕು, ವಾರ ಬಿಟ್ಟು ಕೇಳ್ತೀನಿ.

ಮೆಚ್ಚಿದೋರಲ್ಲಿ ತಪ್ಪು ಕಂಡ್ರೆ ಏನ್ ಮಾಡೋದು ಅಂತ ದೊಡ್ಡ ಮಕ್ಕಳು ಕೇಳ್ತಾರೆ. ಅದಕ್ಕೇ ಮೊದ್ಲೇ ಒಂದು ಕೆಲಸ ಅಂತ ಗೆರೆ ಹಾಕಿದ್ದು. ಲೆಕ್ಕ ಕಲಿಯೋಕೆ ಹೋದೋಳು ಲೆಕ್ಕ ಕಲೀಲಿ, ಆ ಅಕ್ಕ ಸೊಸೆ ಜೊತೆ ಹೆಂಗಿದಾರೆ ಅನ್ನೋದನ್ನ ಒಪ್ಪಲೇಬೇಕು ಅಂತೇನಿಲ್ಲ, ಬೈಯೋ ಅಗತ್ಯನೂ ಇಲ್ಲ.

ಹುಡುಗ್ರಿಗೂ ಇದನ್ನೇ ಮಾಡ್ಸಿ, ಬಿಡ್ಬೇಡಿ. ಹೆಣ್ಮಕ್ಕಳಿಂದ ಕಲಿಯೋದು ಹೆಣ್ಮಕ್ಕಳು ಮಾತ್ರ ಅಂತ ಯಾರು ಹೇಳಿದ್ದು.

ಒಂದು ತಿಂಗಳು, ಒಂದೇ ಅಭ್ಯಾಸ

ಡ್ಯಾಶ್ ತುಂಬಿದ್ಮೇಲೆ ಅದನ್ನ ಮೂವತ್ತು ದಿನ ಮಾಡೋದು. ನೋಟ್‌ಬುಕ್ಕಲ್ಲಿ ದಿನಾ ಒಂದು ಸಾಲು, ಮಾಡಿದ್ರೆ ಏನಾಯ್ತು, ಮಾಡ್ಲಿಲ್ಲ ಅಂದ್ರೆ ಯಾಕೆ. ಬಿಟ್ಟ ದಿನಕ್ಕೆ ಬೈಬೇಡಿ, ಬರೆಯೋದು ಬಿಟ್ರೆ ಮಾತ್ರ ಕೇಳಿ. ಭಾಷಣ ಬೇಕೇ ಬೇಕು ಅಂದ್ರೆ ಅದು ಈ ನೋಟ್‌ಬುಕ್ಕಿಂದನೇ ಬರುತ್ತೆ: ನೋಡಿದ ಒಂದು ದೃಶ್ಯ, ಅವ್ರ ಒಂದು ಕೆಲಸ, ನಾನು ಮಾಡಿ ನೋಡಿದ್ದು. ವಿಶೇಷಣ ಎಲ್ಲ ತೆಗೆದುಹಾಕಿ. ಮೂರು ನಿಮಿಷಕ್ಕೆ ಇದು ಸಾಕಾಗಿ ಮಿಕ್ಕುತ್ತೆ.

ರೊಟ್ಟಿ ಅಕ್ಕನ ಹುಡುಗಿ ತನ್ನ ಡಬ್ಬಿಗೆ ಹುಣಸೆ ಬೀಜ ಹಾಕೋಕೆ ಶುರು ಮಾಡಿದ್ಲು, ಹತ್ತು ಲೆಕ್ಕ ಬಿಡಿಸಿದ್ರೆ ಒಂದು ಬೀಜ, ತಪ್ಪಿದ್ರೂ ಪರವಾಗಿಲ್ಲ ಬಿಡಿಸಿದ್ದಕ್ಕೆ ಬೀಜ. ತಿಂಗಳ ಕೊನೇಗೆ ಮೂರು ಕಲ್ಲು, ನಾಲ್ಕು ಬೀಜ. 340 ಲೆಕ್ಕ, ಗಣಿತ ಅಂದ್ರೆ ಜ್ವರ ಬರ್ತಿದ್ದೋಳು.

ಕೊನೇ ಕೆಲಸ ಒಂದಿದೆ, ಬಹಳ ಜನ ಇದನ್ನ ಮರೀತಾರೆ. ಬರೆದಿದ್ದನ್ನ ತಗೊಂಡೋಗಿ ಯಾರ ಬಗ್ಗೆ ಬರೆದ್ರೋ ಅವ್ರಿಗೇ ಓದಿ ಹೇಳ್ಬೇಕು, ಸ್ಟೇಜಿಗೆ ಹೋಗೋಕೆ ಮುಂಚೆ. ನಮ್ಮ ಹುಡುಗಿ ಒಲೆ ಪಕ್ಕ ಕೂತು ಓದಿದ್ಲು, ನಾನೂ ಜೊತೆಗಿದ್ದೆ. ಅಕ್ಕ ಕೈ ನಿಲ್ಲಿಸ್ದೆ ಕೇಳಿಸ್ಕೊಂಡ್ರು, "ಬೆಳಗಿನ ಜಾವ ಐದಕ್ಕೆ ಎದ್ದು" ಅನ್ನೋ ಜಾಗ ಬಂದಾಗ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಐದಲ್ಲವ್ವ, ನಾಲ್ಕು. ಐದಕ್ಕೆ ಎದ್ರೆ ನಲವತ್ತು ರೊಟ್ಟಿ ಕಮ್ಮಿ ಆಗ್ತಾವೆ. ತಿದ್ದು ಅದನ್ನ" ಅಂದ್ರು. ಹುಡುಗಿ ಅಲ್ಲೇ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಕೊಂಡು ಐದು ಹೊಡೆದು ನಾಲ್ಕು ಬರೆದ್ಲು.